ಹರಿಗೋಲೂ ಬಾಗಿದ ಕುರ್ಚಿಯೂ

ಹಂಪೆ, ಕಂಪ್ಲಿಗಳ ಬಳಿ ತುಂಗಭದ್ರೆಯ ಹರಿಗೋಲನ್ನು ನಮ್ಮಲ್ಲಿ ಅನೇಕರು ಏರಿರುವೆವು. ಹದಿನೈದಿಪ್ಪತ್ತು ಜನರನ್ನೂ, ಕುದುರೆ ಎತ್ತುಗಳನ್ನೂ ಹೊರುವ ಈ ಬುಟ್ಟಿದೋಣಿಯನ್ನು ಕುರಿತು ಪೋರ್ಚುಗೀಸ್ ಪ್ರವಾಸಿ ಪಾಯೆಸನು 1520ರ ಸುಮಾರಿನಲ್ಲಿಯೇ ಬರೆದಿರುವನು. ಸೀಳಿದ ಬಿದಿರನ್ನು ನೆಲದ ಮೇಲೆ ಹೆಣೆದು, ನಡುವೆ ಕಲ್ಲು ಹೇರಿ, ಅಂಚನ್ನು ಮೇಲಕ್ಕೆ ಬಗ್ಗಿಸಿ ಕಟ್ಟುವರು. ನೆಲವೇ ಅಚ್ಚು, ಕಲ್ಲೇ ಒತ್ತುಯಂತ್ರ. ಹೊದಿಕೆಯ ಚರ್ಮದ ಸ್ಥಾನಕ್ಕೆ ಇಂದು ಪ್ಲಾಸ್ಟಿಕ್ಕು, ಡಾಂಬರುಗಳು ಬಂದಿವೆ. ಬಿದಿರಿನ ಬಾಗು ಮಾತ್ರ ಹಾಗೆಯೇ ಉಳಿದಿದೆ.

ಬಾಗಿದ ಬೆನ್ನಿನ ಕುರ್ಚಿಯನ್ನು ಮನೆಯಲ್ಲಿಯೇ ಮಾಡಬಯಸುವವರಿಗೂ ಇದೇ ಪಾಠ. ದಪ್ಪ ಹಲಗೆ ಬಗ್ಗಿಸಿದರೆ ಸೀಳುವುದು; ವಿನೀರ್ ಎಂಬ ತೆಳುಹಾಳೆಗಳು ಮಣಿಯುವುವು. ಅವಕ್ಕೆ ಅಂಟು ಬಳಿದು, ಕೊರೆದ ಎರಡು ಅಚ್ಚುಗಳ ನಡುವೆ ಇರಿಸಿ, ತಿರುಪುಗಳನ್ನು ನಡುವಿನಿಂದ ಅಂಚಿನತ್ತ ಬಿಗಿಯಬೇಕು. ಅಂಟು ಗಟ್ಟಿಯಾದ ಮೇಲೆ ಹಾಳೆಗಳು ಒಂದರ ಮೇಲೊಂದು ಜಾರಲಾರವಾದ ಕಾರಣ ಬಾಗು ನಿಲ್ಲುವುದು. ಬಿಚ್ಚಿದಾಗ ತುಸು ನೆಟ್ಟಗಾಗುವುದುಂಟು. ಆದುದರಿಂದ ಅಚ್ಚಿನ ಬಾಗು ಕೊಂಚ ಹೆಚ್ಚಾಗಿರಲಿ. ಫಿನ್ಲೆಂಡಿನ ಆಲ್ವಾರ್ ಆಲ್ಟೋ 1930ರ ದಶಕದಲ್ಲಿ ರೂಪಿಸಿದ ಹೆಸರಾಂತ ಕುರ್ಚಿಗಳ ಮರ್ಮವೂ ಇದೇ.

ನಾವು ಅವಸರಪಟ್ಟು ಅದೇ ಸಂಜೆ ಅಚ್ಚನ್ನು ಬಿಚ್ಚಿ, ಒಂದು ಕುರ್ಚಿಯ ಬೆನ್ನನ್ನೇ ಕಳೆದುಕೊಂಡೆವು. ದೊಡ್ಡ ಯಂತ್ರವಿಲ್ಲವೆಂಬುದು ಕೊರತೆಯಲ್ಲ. ಕಾಯುವ ತಾಳ್ಮೆ ಇಲ್ಲದಿರುವುದೇ ಕೊರತೆ. ಹರಿಗೋಲು ಕಟ್ಟುವವರು ಇದನ್ನು ಬಲ್ಲರು. ನದಿಯ ನಡುವೆ ಬಾಗು ಬಿಟ್ಟುಕೊಟ್ಟರೆ ಹೋಗುವುದು ಕುರ್ಚಿಯಲ್ಲ, ಪ್ರಾಣ.