ಹಳೇ ಬ್ಲೇಡು, ಮೂರು ಹೊಲಿಗೆ: ಆರ್ಕಿಟೆಕ್ಚರ್ ಮಾಡೆಲ್‌ಗೆ ನಿಜಕ್ಕೂ ಏನು ಬೇಕು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಎಪಿಸೋಡಲ್ಲಿ ಸ್ವಲ್ಪ ರಕ್ತ ಇದೆ. ಜಾಸ್ತಿ ಏನಿಲ್ಲ, ಒಂದು ಬೆರಳಿಂದು.

ನನ್ನ ಚಿಕ್ಕಮ್ಮನ ಮಗಳು ಬಿ.ಆರ್ಕ್ ಮೊದಲ ವರ್ಷ. ಕಳೆದ ಸೆಮಿಸ್ಟರಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದಳು. "ಅಕ್ಕಾ, ಅಮ್ಮಂಗೆ ಹೇಳ್ಬೇಡ, ಕೈ ಕುಯ್ಕೊಂಡಿದೀನಿ." ಬೆಳಗ್ಗೆ ಮಾಡೆಲ್ ಸಬ್‌ಮಿಷನ್. ಎಡಗೈ ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು. ಡ್ಯೂಟಿ ಡಾಕ್ಟರು ಗಾಯ ನೋಡಿ ಮೊದಲು ಕೇಳಿದ್ದೇ "ಆರ್ಕಿಟೆಕ್ಚರಾ?" ಅಂತ. ಇಂಥ ಎಷ್ಟು ಬೆರಳು ನೋಡಿರಬೇಕು ಅವರು!

ನಾನು ಬಿ.ಕಾಂ. ನನಗೆ ಕಟ್ಟಡ ಗೊತ್ತಿಲ್ಲ, ಬಿಲ್ಲು ಗೊತ್ತು. ಮರುದಿನ ಅವಳ ಬ್ಯಾಗ್ ಸುರಿದು ನೋಡಿದೆ. ದುಬಾರಿ ಮಾರ್ಕರ್ ಸೆಟ್ಟು, ಪ್ಲಾಸ್ಟಿಕ್ ಮರಗಳು, ಪುಟ್ಟ ಕಾರುಗಳು, ಹನ್ನೆರಡು ಥರ ಬ್ಲೇಡ್ ಹಾಕಬಹುದಾದ ಒಂದು ಚಾಕು. ಆದ್ರೆ ರಾತ್ರಿ ಅವಳು ಕೈಗೆತ್ತಿಕೊಂಡಿದ್ದು ತಿಂಗಳ ಹಳೇ ಬ್ಲೇಡ್ ಇದ್ದ ಸಾದಾ ಕಟರ್, ಜೊತೆಗೆ ಸ್ಕೂಲಿನ ಪ್ಲಾಸ್ಟಿಕ್ ಸ್ಕೇಲು. ಸಾವಿರಾರು ರೂಪಾಯಿ ಖರ್ಚಾಗಿತ್ತು, ಹೊಸ ಬ್ಲೇಡ್ ಒಂದೂ ಇರಲಿಲ್ಲ. ಹತ್ತು ಬ್ಲೇಡಿನ ಸಾಧಾರಣ ಪ್ಯಾಕು ಒಂದು ಮಸಾಲೆ ದೋಸೆ ದುಡ್ಡಿಗೆ ಬರುತ್ತೆ ಕಣ್ರೀ.

ಆಮೇಲೆ ಅವಳ ಜೊತೆ ಕೂತು ನಾನೂ ಮೌಂಟ್ ಬೋರ್ಡ್ ಕುಯ್ದೆ, ಸೀನಿಯರ್‌ಗಳನ್ನ ಕೇಳಿದೆ. ಗೊತ್ತಾಗಿದ್ದು ಇಷ್ಟು: ಹರಿತವಾದ ಬ್ಲೇಡಿಗಿಂತ ಮೊಂಡು ಬ್ಲೇಡಿನ ಭಯ ಜಾಸ್ತಿ. ಮೊಂಡಾದಾಗ ನಾವು ಒತ್ತುತ್ತೀವಿ. ಒತ್ತಿದಾಗ ಕೈ ಹಿಡಿತದಲ್ಲಿ ಇರಲ್ಲ. ಬ್ಲೇಡ್ ಜಾರಿದ್ರೆ ಆ ಒತ್ತಡ ಪೂರ್ತಿ ಬೆರಳಿನ ಮೇಲೇನೇ.

ಕಟರ್ ಬ್ಲೇಡಿನ ಮೇಲೆ ಓರೆ ಗೆರೆಗಳಿರುತ್ತಲ್ಲ, ಅದು ಡಿಸೈನ್ ಅಲ್ಲ. 1956ರಲ್ಲಿ ಜಪಾನಿನ ಯೋಶಿಯೋ ಒಕಾಡಾ ಅನ್ನೋರು ಕಂಡುಹಿಡಿದ ಉಪಾಯ. ಚಾಕೊಲೇಟ್ ಬಾರನ್ನ ಗೆರೆಯ ಮೇಲೆ ಮುರೀತೀವಲ್ಲ, ಹಂಗೇ ಮೊಂಡಾದ ತುದಿ ಮುರಿದ್ರೆ ಹೊಸ ತುದಿ ಸಿಗುತ್ತೆ. ಅವರ ಓಲ್ಫಾ ಕಂಪನಿಯ ಹೆಸರೇ ಜಪಾನಿ ಭಾಷೆಯಲ್ಲಿ 'ಮುರಿಯುವ ಬ್ಲೇಡ್' ಅನ್ನೋದರಿಂದ ಬಂದಿದ್ದು. ಅಂದ್ರೆ ಆ ವಸ್ತು ಇರೋದೇ ಮುರಿಯೋಕೆ. ನಾವು ಉಳಿತಾಯ ಅಂತ ಮುರಿಯದೇ ಇಟ್ಕೋತೀವಿ. ಅಂಚು ನಾರುನಾರಾಗಿ ಎದ್ದು ಬರ್ತಿದ್ರೆ ಮುರೀರಿ.

ಮುರಿದ ಚೂರನ್ನ ಮಾತ್ರ ದಯವಿಟ್ಟು ಹಂಗೇ ಕಸದ ಬುಟ್ಟಿಗೆ ಹಾಕಬೇಡಿ. ಬೆಳಗ್ಗೆ ಆ ಕಸಕ್ಕೆ ಕೈ ಹಾಕೋದು ಪೌರಕಾರ್ಮಿಕರು. ಖಾಲಿ ಮಾತ್ರೆ ಡಬ್ಬಿಯಲ್ಲಿ ಕೂಡಿಡಿ, ತುಂಬಿದಾಗ ಟೇಪ್ ಸುತ್ತಿ, ಮೇಲೆ 'ಬ್ಲೇಡ್' ಅಂತ ಬರೆದು, ಬೇರೆಯಾಗಿ ಅವರ ಕೈಗೆ ಕೊಡಿ.

ಇನ್ನು ಸ್ಕೇಲು. ಸ್ಟೀಲ್ದೇ ಆಗಬೇಕು. ಪ್ಲಾಸ್ಟಿಕ್ ಅಂಚನ್ನ ಬ್ಲೇಡ್ ಕೆರೆಯುತ್ತೆ, ಆ ಕಚ್ಚಿಗೆ ಸಿಕ್ಕಿಕೊಂಡು ಮೇಲೆ ಹತ್ತಿಬಿಡುತ್ತೆ. ಆವತ್ತು ಆಗಿದ್ದೂ ಅದೇ. ಅಡಿಗೆ ಕಾರ್ಕ್ ಅಂಟಿಸಿರೋ ಸ್ಟೀಲ್ ಸ್ಕೇಲ್ ಸಿಕ್ಕರೆ ಜಾರೋದೂ ಕಡಿಮೆ. ನಿಮಗೆ ಬೇಕಾದ ತುಂಡಿನ ಮೇಲೆ ಸ್ಕೇಲ್ ಇಡಿ. ಬ್ಲೇಡ್ ಅಂಚು ಬಿಟ್ಟು ಆಚೆ ಹೋದ್ರೂ ಕೆಡೋದು ಎಸೆಯೋ ಭಾಗ. ಒಂದೇ ಸಲಕ್ಕೆ ಕುಯ್ಯೋಕೆ ಹೋಗಬೇಡಿ, ಮೊದಲನೇ ಗೆರೆ ಬರೀ ದಾರಿ ತೋರಿಸೋಕೆ. ಮೂರು ನಾಲ್ಕು ಸಲ ಹಗುರವಾಗಿ ಎಳೆದ್ರೆ ಅಂಚು ನೇರ ಬರುತ್ತೆ. ಕೆಳಗೆ ಕಟಿಂಗ್ ಮ್ಯಾಟ್ ಇರಲಿ. ಗಾಜಿನ ಮೇಲೆ ಕುಯ್ದ್ರೆ ಬ್ಲೇಡ್ ಬೇಗ ಮೊಂಡಾಗುತ್ತೆ, ಹಾಸ್ಟೆಲ್ ಟೇಬಲ್ ಮೇಲೆ ಕುಯ್ದ್ರೆ ವಾರ್ಡನ್ ಬರ್ತಾರೆ.

ನೇರ ಅಂಚಿಗೆ ಯಾಕಿಷ್ಟು ಒದ್ದಾಟ ಅಂದ್ರೆ, ಲೆಕ್ಕ ನೋಡಿ. 1:100 ಸ್ಕೇಲಲ್ಲಿ ಅರ್ಧ ಮಿಲಿಮೀಟರ್ ತಪ್ಪಿದ್ರೆ ನಿಜವಾದ ಮನೆಯಲ್ಲಿ ಅದು 5 ಸೆಂಟಿಮೀಟರ್. 230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಮಾಡೆಲಲ್ಲಿ ಬರೀ 2.3 ಮಿಲಿಮೀಟರ್. ಮೊದಲ ವರ್ಷದವರು ಜಾರೋ ಇನ್ನೊಂದು ಜಾಗ ಇದೆ. 2 ಮಿಲಿಮೀಟರ್ ಬೋರ್ಡಲ್ಲಿ ಡಬ್ಬಿ ಥರ ಗೋಡೆ ನಿಲ್ಲಿಸುವಾಗ, ಎರಡು ಗೋಡೆ ಮಧ್ಯೆ ಕೂರೋ ಗೋಡೆಯ ಉದ್ದದಲ್ಲಿ 4 ಮಿಲಿಮೀಟರ್ ಕಳೀಬೇಕು. ಕಳೆಯದಿದ್ರೆ ಮೇಲೆ ಛಾವಣಿ ಕೂರಲ್ಲ. ನಮ್ಮ ಹುಡುಗಿ ಆ ರಾತ್ರಿ ಎರಡು ಗಂಟೆಗೆ ಮತ್ತೆ ಕುಯ್ಯೋಕೆ ಕೂತಿದ್ದು ಇದೇ 4 ಮಿಲಿಮೀಟರಿಗೆ.

ಮೂಲೆ ನೋಡೋಕೆ ಟ್ರೈ ಸ್ಕ್ವೇರ್, ಅದೇ ಬಡಗಿಗಳ ಹತ್ರ ಇರೋ ಎಲ್ ಆಕಾರದ್ದು, ಹಾರ್ಡ್‌ವೇರ್ ಅಂಗಡಿಯದ್ದೇ ಸಾಕು. ಚಪ್ಪಟೆ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿದ್ರೆ ಅಂಚು ಉಜ್ಜೋಕೆ ಆಯ್ತು. ಚಿಮಟ, ಮಾಸ್ಕಿಂಗ್ ಟೇಪ್, ಗುಂಡುಪಿನ್ನು ಮನೇಲೇ ಇರುತ್ತೆ. ಫೆವಿಕಾಲನ್ನ ಬಾಟಲಿಯಿಂದ ಹಿಂಡಬೇಡಿ, ಹಲ್ಲುಕಡ್ಡಿಯಲ್ಲಿ ತೆಳ್ಳಗೆ ಸವರಿ. ಅರ್ಜೆಂಟು ಅಂತ ಥರ್ಮಾಕೋಲಿಗೋ ಫೋಮ್ ಬೋರ್ಡ್ ಒಳಗಿನ ಪದರಕ್ಕೋ ಸೂಪರ್ ಗ್ಲೂ ಹಾಕಿದ್ರೆ ಅದು ಫೋಮನ್ನೇ ಕರಗಿಸಿ ತಿಂದುಬಿಡುತ್ತೆ. ನಾನೇ ಹಾಕಿ ನೋಡಿದೆ. ಸುಂದರವಾದ ಗುಂಡಿ ಬಿತ್ತು.

ಲೇಸರ್ ಕಟಿಂಗ್ ಇದೆಯಲ್ಲ ಅಂತ ಕೇಳ್ತೀರ. ಇದೆ, ಫೈನಲ್ ಮಾಡೆಲ್‌ಗೆ ಚೆನ್ನಾಗಿದೆ. ಆದ್ರೆ ನಾಳೆ ಮೇಷ್ಟ್ರು "ಈ ಗೋಡೆ ಸ್ವಲ್ಪ ಸರಿಸಿ ನೋಡಮ್ಮ" ಅಂದಾಗ ಅಲ್ಲೇ ಕುಯ್ದು ಸರಿಸೋಕೆ ಬೇಕಾಗೋದು ಕಟರ್ರೇ.

ಚಿಕ್ಕಮ್ಮಂಗೆ ವಿಷಯ ಇನ್ನೂ ಗೊತ್ತಿಲ್ಲ, ಅವರು ಪಾಡ್‌ಕಾಸ್ಟ್ ಕೇಳಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ತಿದೀನಿ. ಮೊನ್ನೆ ಹಾಸ್ಟೆಲಿಗೆ ಹೋದಾಗ ಅವಳ ಟೇಬಲ್ ಮೇಲೆ ಕ್ಯಾಲ್ಸಿಯಂ ಮಾತ್ರೆ ಡಬ್ಬಿ ಇತ್ತು. ಅಲ್ಲಾಡಿಸಿ ನೋಡಿದೆ. ಮುಕ್ಕಾಲು ತುಂಬಿದೆ. ಮುಂದಿನ ವಾರ ಸಿಗ್ತೀನಿ.