ಬಚ್ಚಲುಮನೆಯ ಕಾಂಕ್ರೀಟ್ ನೆಲದಲ್ಲಿ ಶೌಚದ ಪ್ಯಾನ್ ಅಳವಡಿಕೆ



ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯಡಿ ಅರ್ಹ ಕುಟುಂಬಕ್ಕೆ 12,000 ರೂಪಾಯಿಗಳ ಪ್ರೋತ್ಸಾಹಧನ ಬಿಡುಗಡೆಯಾಗುವ ಮುನ್ನ ಶೌಚಾಲಯದ ಛಾಯಾಚಿತ್ರ ತೆಗೆಯಲಾಗುತ್ತದೆ. ಅದರಲ್ಲಿ ಗೋಡೆ, ಬಾಗಿಲು ಕಾಣುತ್ತವೆ. ಎದುರು ನಿಂತ ಫಲಾನುಭವಿಯೂ ಕಾಣುತ್ತಾರೆ. ನೆಲದ ಕೆಳಗಿನ ಟ್ರ್ಯಾಪು ಮತ್ತು ಕೊಳವೆ ಕಾಣುವುದಿಲ್ಲ. ಶೌಚಾಲಯ ಬಳಕೆಯಲ್ಲಿ ಉಳಿಯುವುದೂ ಸೌದೆ ಇಡುವ ಕೋಣೆಯಾಗುವುದೂ ಬಹುಮಟ್ಟಿಗೆ ಅವೆರಡರ ಮೇಲೆಯೇ ನಿಂತಿದೆ.

ಹಿತ್ತಲಿನಲ್ಲಿ ಗುಂಡಿಗೆ ಸ್ಥಳವಿದ್ದು ಮತ್ತೊಂದು ಕೋಣೆ ಕಟ್ಟಲಾಗದ ಕುಟುಂಬಗಳು ಹಳೆಯ ಬಚ್ಚಲುಮನೆಯ ಕಾಂಕ್ರೀಟ್ ನೆಲದಲ್ಲಿಯೇ ಪ್ಯಾನ್ ಕೂರಿಸುತ್ತವೆ. ಅದು ತಪ್ಪಲ್ಲ, ಆದರೆ ಹೊಸ ಕಟ್ಟಡಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಕಾಂಕ್ರೀಟ್ ಒಡೆಯುವುದು ಶ್ರಮದ ಕೆಲಸವಾದ್ದರಿಂದ ಕೆಲಸದವರು ಆಳಕ್ಕೆ ಇಳಿಯುವುದಿಲ್ಲ. ಟ್ರ್ಯಾಪು ಮೇಲೆಯೇ ಕೂರುತ್ತದೆ, ಕೊಳವೆ ಸಮತಟ್ಟಾಗಿ ಮಲಗುತ್ತದೆ. ಕೊಳವೆಗೆ ಕನಿಷ್ಠ 30ಕ್ಕೆ 1ರಷ್ಟು ಇಳಿಜಾರು ಬೇಕು, ಅಂದರೆ 10 ಅಡಿಗೆ 4 ಅಂಗುಲ. ಅಷ್ಟಿಲ್ಲದಿದ್ದರೆ ನೀರು ಹೋಗಿ ಮಲ ಉಳಿಯುತ್ತದೆ, ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಮನೆಯ ಹೆಣ್ಣುಮಕ್ಕಳು ಮತ್ತೆ ಕತ್ತಲಿಗಾಗಿ ಕಾಯಬೇಕು. ಯಾರನ್ನಾದರೂ ಕರೆದು ಹಸಿ ಮಲವನ್ನು ಕೈಯಿಂದ ತೆಗೆಸುವುದನ್ನಂತೂ 2013ರ ಕಾಯ್ದೆ ನಿಷೇಧಿಸಿದೆ.

ಆದುದರಿಂದ ಸುತ್ತಿಗೆ ಎತ್ತುವ ಮೊದಲೇ ನೆಲದ ಮಟ್ಟದಿಂದ ಗುಂಡಿಯ ಬಾಯಿಯವರೆಗೆ ಅಳತೆ ತೆಗೆಯತಕ್ಕದ್ದು. ಇಳಿಜಾರು ಸಾಲದಿದ್ದಲ್ಲಿ ಪ್ಯಾನಿನ ಭಾಗವನ್ನು ಅರ್ಧ ಅಡಿ ಕಟ್ಟೆಯಾಗಿ ಎತ್ತರಿಸಬಹುದು. ಒಡೆದು ಅಗೆಯುವ ಆಳವೂ ಅಷ್ಟೇ ತಗ್ಗುತ್ತದೆ. ಹಳೆಯ ಕಾಂಕ್ರೀಟಿನ ಮೇಲ್ಮೈಯನ್ನು ಉಳಿಯಿಂದ ಕಚ್ಚು ಮಾಡಿ, ತೊಳೆದು, ಸಿಮೆಂಟ್ ಹಾಲು ಬಳಿದ ನಂತರವೇ ಕಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಹಿಡಿಯದು. ಕಟ್ಟೆಯಿಂದ ಇನ್ನೊಂದು ಲಾಭವೂ ಇದೆ: ಸ್ನಾನದ ನೀರು ಪ್ಯಾನಿಗೆ ಇಳಿಯುವುದಿಲ್ಲ. ಇಂಗುಗುಂಡಿ ಇಡೀ ಕುಟುಂಬದ ಸ್ನಾನದ ನೀರನ್ನು ತಾಳಲಾರದು, ಎರೆಮಣ್ಣಿನ ಊರುಗಳಲ್ಲಂತೂ ಸಾಧ್ಯವೇ ಇಲ್ಲ. ಬಚ್ಚಲ ನೀರಿಗೆ ಬೇರೆಯೇ ದಾರಿ ಇರಬೇಕು. ಆದರೆ ಮಂಡಿನೋವಿನ ವೃದ್ಧರಿಗೆ ಅರ್ಧ ಅಡಿಯೂ ಬೆಟ್ಟವೇ. ಇದನ್ನು ಮೇಸ್ತ್ರಿಗಿಂತ ಮೊದಲು ಮನೆಯ ಅಜ್ಜಿಯನ್ನು ಕೇಳಿ ತೀರ್ಮಾನಿಸುವುದು ಲೇಸು. ಕಟ್ಟೆ ಅನಿವಾರ್ಯವಾದಲ್ಲಿ ಗೋಡೆಗೊಂದು ಹಿಡಿಕೆ ಹಾಕಿಸಬೇಕು.

ಪ್ಯಾನ್ ಗ್ರಾಮೀಣ ಮಾದರಿಯದಾಗಿರಲಿ. ಅದರ ತಳ ಕಡಿದಾಗಿ ಇಳಿಯುತ್ತದೆ. ಅದರ ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ತಡೆ 20 ಮಿಲಿಮೀಟರ್. ಸುಮಾರು 2 ಲೀಟರ್ ನೀರು ಸಾಕು. ಹೊಳಪಿಗೆ ಮರುಳಾಗಿ ತಂದ ನಗರ ಮಾದರಿಯ ಪ್ಯಾನ್ ಅದರ ಹಲವು ಪಟ್ಟು ನೀರು ಬೇಡುತ್ತದೆ. ದಿನ ಬಿಟ್ಟು ದಿನ ನಲ್ಲಿ ಬರುವ ಊರಿಗೆ ಅದು ಒಗ್ಗದು. ಪ್ಯಾನನ್ನೂ ಟ್ರ್ಯಾಪನ್ನೂ ರಸಮಟ್ಟವಿಟ್ಟು ಕೂರಿಸಬೇಕು. ಟ್ರ್ಯಾಪು ವಾಲಿದರೆ ನೀರಿನ ತಡೆ ಕಳೆದು ದುರ್ವಾಸನೆಯೂ ನೊಣವೂ ಒಳಬರುತ್ತವೆ. ಗಾರೆ ಕೆಲಸ ಮುಗಿಯುವವರೆಗೆ ಪ್ಯಾನಿನ ಬಾಯಿಗೆ ಗೋಣಿಚೀಲ ತುರುಕಿರಬೇಕು. ಟ್ರ್ಯಾಪಿಗೆ ಬಿದ್ದು ಗಟ್ಟಿಯಾದ ಸಿಮೆಂಟನ್ನು ಮತ್ತೆ ತೆಗೆಯಲು ನೆಲವನ್ನೇ ಒಡೆಯಬೇಕಾದೀತು.

ಸದಸ್ಯರು ಉದ್ಘಾಟನೆಗೆ ಬರುವುದಕ್ಕಿಂತ ಕಾಂಕ್ರೀಟ್ ಮುಚ್ಚುವ ಹಿಂದಿನ ದಿನ ಬರುವುದು ಹೆಚ್ಚು ಉಪಯುಕ್ತ. 2 ಲೀಟರ್ ನೀರು ಸುರಿಸಿ, ಹೊರಗಿನ ಜಂಕ್ಷನ್ ಛೇಂಬರಿನ ಬಳಿ ನಿಂತು ನೋಡಬೇಕು. ನೀರು ತಡವರಿಸಿದರೆ ಅಂದೇ ಕೊಳವೆ ಎತ್ತಿಸಿ ಸರಿಪಡಿಸಬೇಕು. ಸರಿಯಾಗಿ ಹರಿದರೆ ನೆಲ ಮುಚ್ಚಿಸಿ, 7 ದಿನ ನೀರುಣಿಸಿ, ಛೇಂಬರಿನಲ್ಲಿ ಎರಡನೆಯ ಗುಂಡಿಯ ದಾರಿ ಮುಚ್ಚಿರುವುದನ್ನು ನೋಡಿಕೊಂಡು ಬಳಕೆಗೆ ಬಿಡತಕ್ಕದ್ದು.