ಒಬ್ಬೊಬ್ಬರನ್ನೇ ಹೊತ್ತ ಹೆಲಿಕಾಪ್ಟರು

‘ಹಾರುವ ಆಂಬುಲೆನ್ಸ್’ ಎಂಬ ಹೆಸರು ವಿಮಾನಕ್ಕಿಂತಲೂ ಹಳೆಯದು. ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ, ಕದನ ಮುಗಿಯುವವರೆಗೆ ಕಾಯದೆ ಗಾಯಾಳುಗಳನ್ನು ಎತ್ತಿ ತರಲೆಂದು 1790ರ ದಶಕದಲ್ಲಿ ಹಗುರವಾದ ಕುದುರೆಗಾಡಿಗಳನ್ನು ಕಟ್ಟಿಸಿದನು. ಅವಕ್ಕೆ ಬಂದ ಹೆಸರು ಅದು. ಹೆಚ್ಚು ಗಾಯಗೊಂಡವನಿಗೆ ಮೊದಲ ಚಿಕಿತ್ಸೆ, ಪದವಿಯನ್ನು ನೋಡತಕ್ಕದ್ದಲ್ಲ ಎಂಬುದು ಅವನ ನಿಯಮ. ಗಾಡಿಗಿಂತ ಆ ನಿಯಮವೇ ದೊಡ್ಡದೆಂದು ನನ್ನ ಎಣಿಕೆ.

ಹೆಲಿಕಾಪ್ಟರು ಈ ಕೆಲಸಕ್ಕೆ ಇಳಿದದ್ದು 1944ರ ಏಪ್ರಿಲ್‌ನಲ್ಲಿ, ನಮ್ಮ ನೆರೆಯ ಬರ್ಮಾದ ಕಾಡಿನಲ್ಲಿ. ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರನ್ನು ಒಯ್ಯುತ್ತಿದ್ದ ಪುಟ್ಟ ವಿಮಾನವೊಂದು ಜಪಾನೀಯರ ಹಿಡಿತದಲ್ಲಿದ್ದ ನೆಲದಲ್ಲಿ ಕೆಳಗಿಳಿಯಬೇಕಾಯಿತು. ಬೇರೊಂದು ವಿಮಾನ ಇಳಿಯಲು ಸಮೀಪದಲ್ಲಿ ಬಯಲಿಲ್ಲ. ಆಗ ಅಸ್ಸಾಮಿನ ಲಾಲಾಘಾಟಿನಿಂದ ಕಾರ್ಟರ್ ಹಾರ್ಮನ್ ಎಂಬ ಅಮೆರಿಕದ ತರುಣ ಅಧಿಕಾರಿ ಸಿಕೋರ್ಸ್ಕಿ ಹೆಲಿಕಾಪ್ಟರೊಂದನ್ನು ಬೆಟ್ಟಸಾಲು ದಾಟಿಸಿ ತಂದನು. (ಈತ ಯುದ್ಧದ ತರುವಾಯ ಸಂಗೀತ ವಿಮರ್ಶಕನಾದನೆಂಬುದು ಸಾಹಿತ್ಯಪ್ರಿಯರಿಗೆ ರುಚಿಸೀತು.) ಆ ಯಂತ್ರಕ್ಕೆ ಚಾಲಕನಲ್ಲದೆ ಇನ್ನೊಬ್ಬನನ್ನು ಮಾತ್ರ ಹೊರುವ ಶಕ್ತಿ. ಕಾಡಿನಲ್ಲಿದ್ದವರೋ ನಾಲ್ವರು! ಏಪ್ರಿಲ್ 25ರಂದು ಇಬ್ಬರನ್ನು ಒಬ್ಬೊಬ್ಬರಾಗಿ ನದಿಯ ಮರಳದಿಣ್ಣೆಗೆ ಮುಟ್ಟಿಸಿದನು. ಅಲ್ಲಿಂದ ಮುಂದಕ್ಕೆ ಬೇರೊಂದು ಸಣ್ಣ ವಿಮಾನ ಕಾದಿತ್ತು. ಅಷ್ಟರಲ್ಲಿ ಎಂಜಿನ್ ಮಿತಿಮೀರಿ ಕಾಯಿತು. ಉಳಿದಿಬ್ಬರಿಗೆ ಕಾಡಿನಲ್ಲೇ ಮತ್ತೊಂದು ರಾತ್ರಿ. ಎರಡು ಬಾರಿ ಬಂದು ಹೋದ ರೆಕ್ಕೆಯ ಸದ್ದು ಮತ್ತೆ ಕೇಳಿಸದಿದ್ದಾಗ ಮೂರನೆಯ ಗಾಯಾಳು ಏನೆಂದುಕೊಂಡಿರಬಹುದು? ಮರುದಿನ ಅವನನ್ನು ಮೊದಲು ಒಯ್ದು, ವಿಮಾನಚಾಲಕನನ್ನು ಕೊನೆಯಲ್ಲಿ ಕರೆತಂದರು. ಲಾರೆಯ ನಿಯಮ ಬರ್ಮಾದಲ್ಲೂ ನಡೆಯಿತು.

ಶಾಂತಿಕಾಲದಲ್ಲಿ ಕ್ರಮ ಬದಲಾಯಿತು. 1970ರ ನವೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್ ನಗರದಿಂದ ಹಾರತೊಡಗಿದ ‘ಕ್ರಿಸ್ಟೋಫ್ 1’ ರೋಗಿಯನ್ನು ತರುವುದಕ್ಕೂ ಮೊದಲು ವೈದ್ಯನನ್ನೇ ಅವನ ಬಳಿಗೆ ಒಯ್ಯುತ್ತಿತ್ತು. ನಮ್ಮಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆಯ ಹೆಲಿಕಾಪ್ಟರ್ ಸೇವೆ ಆರಂಭವಾದದ್ದು 2024ರ ಅಕ್ಟೋಬರ್‌ನಲ್ಲಿ. ದಾರಿಯೇ ಕುಸಿದುಹೋಗುವ ಹಿಮಾಲಯದಲ್ಲಿ ಅದು ಆಡಂಬರವಲ್ಲ. ಕರ್ನಾಟಕದಲ್ಲಿ 2008ರಿಂದ 108ರ ವಾಹನಗಳು ರಸ್ತೆಯ ಮೇಲೆ ಓಡುತ್ತಿವೆ.

ನಮ್ಮ ಜಿಲ್ಲೆಗಳಿಗೂ ಹೆಲಿಕಾಪ್ಟರು ಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಆ ಮರಳದಿಣ್ಣೆ ನೆನಪಾಗುತ್ತದೆ. ಹಾರ್ಮನ್ ಒಯ್ದದ್ದು ಅಲ್ಲಿಯವರೆಗೆ ಮಾತ್ರ. ಮುಂದಿನ ವಿಮಾನ ಕಾದಿರದಿದ್ದರೆ ಗಾಯಾಳು ಒಂದು ಕಾಡಿನಿಂದ ಇನ್ನೊಂದಕ್ಕೆ ಬಂದಂತಾಗುತ್ತಿತ್ತು. ಆಕಾಶದಿಂದಲೇ ಬರಲಿ, ರಸ್ತೆಯಿಂದಲೇ ಬರಲಿ, ನಡುರಾತ್ರಿಯಲ್ಲಿ ಅವನನ್ನು ಇಳಿಸಿಕೊಳ್ಳುವ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅವನಿಗೆ ಹೊಂದುವ ರಕ್ತವಿದೆಯೆ? ಶಸ್ತ್ರವೈದ್ಯರು ಎದ್ದಿದ್ದಾರೆಯೆ?